ಮಿಂಚುಳ್ಳಿಯ ಒಂದು ಧುಮುಕನ್ನು ಒಂದೇ ಚಿತ್ರದಲ್ಲಿ ಜೋಡಿಸುವುದು ಹೇಗೆ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುವ ಶಿಕ್ಷಕ. ಹಕ್ಕಿಗಳ ಛಾಯಾಗ್ರಹಣ ನಾಲ್ಕು ವರ್ಷಗಳಿಂದ ಬೆಳೆಸಿಕೊಂಡ ಹವ್ಯಾಸ. ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ಪ್ರತಿದಿನ ಬೆಳಿಗ್ಗೆ ಒಂದೇ ಜಾಗದಲ್ಲಿ ಮೀನು ಹಿಡಿಯುವುದನ್ನು ಗಮನಿಸಿ, ಮೂರು ಭಾನುವಾರ ಅಲ್ಲಿಯೇ ಕುಳಿತು ಚಿತ್ರಗಳನ್ನು ತೆಗೆದೆ. ಅದು ನೀರಿನಿಂದ ಏಳೆಂಟು ಮೀಟರ್ ಎತ್ತರದಲ್ಲಿ ರೆಕ್ಕೆ ಬಡಿಯುತ್ತಾ, ಕೊಕ್ಕನ್ನು ನೆಟ್ಟಗೆ ಕೆಳಕ್ಕೆ ಚಾಚಿ, ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ. ಬಳಿಕ ರೆಕ್ಕೆ ಮಡಿಚಿ ಕಲ್ಲಿನಂತೆ ಬೀಳುತ್ತದೆ. ನನ್ನ ಕ್ಯಾಮೆರಾ ಸೆಕೆಂಡಿಗೆ 10 ಚಿತ್ರಗಳನ್ನು ತೆಗೆಯುತ್ತದೆ. ಲೆನ್ಸ್ 400 ಮಿ.ಮೀ.ನದು. ಟ್ರೈಪಾಡ್ ಬಳಸದೆ ಕೈಯಲ್ಲೇ ಹಿಡಿದು ಹಕ್ಕಿಯನ್ನು ಹಿಂಬಾಲಿಸಿದ್ದೇನೆ.

ಈ ಧುಮುಕಿನ ಆರು ಹಂತಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿ, ದೊಡ್ಡದಾಗಿ ಮುದ್ರಿಸಿ, ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಎದುರಿನ ಗೋಡೆಗೆ ಹಾಕಬೇಕೆಂಬುದು ನನ್ನ ಆಸೆ. ಮೊದಲ ಪ್ರಯತ್ನವನ್ನು ಇಲ್ಲಿ ಲಗತ್ತಿಸಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಆದರೆ ನನಗೇ ಏನೋ ಸರಿಯಿಲ್ಲವೆನಿಸುತ್ತಿದೆ. ಹಕ್ಕಿಗಳು ರಟ್ಟಿನಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿವೆ. ಕೆಳಗಿನ ಹಕ್ಕಿಯ ಸುತ್ತ ತೆಳುವಾದ ಬಿಳಿ ಗೆರೆಯೊಂದು ಉಳಿದುಕೊಂಡಿದೆ. ಆಕಾಶದ ಬಣ್ಣ ಮೇಲೊಂದು ಬಗೆ, ಕೆಳಗೊಂದು ಬಗೆಯಾಗಿದೆ. ಹಕ್ಕಿಯ ಪ್ರತಿಬಿಂಬ ಮೂಲ ಚಿತ್ರದಲ್ಲಿ ಸ್ಪಷ್ಟವಾಗಿರಲಿಲ್ಲವಾದ್ದರಿಂದ ಅದೇ ಹಕ್ಕಿಯನ್ನು ತಲೆಕೆಳಗು ಮಾಡಿ ನೀರಿನಲ್ಲಿ ಇರಿಸಿದ್ದೇನೆ. ಇದನ್ನು ಸರಿಪಡಿಸುವ ಕ್ರಮ ತಿಳಿಸಬೇಕೆಂದು ಕೋರುತ್ತೇನೆ. ಜಿಲ್ಲಾ ಮಟ್ಟದ ಒಂದು ಛಾಯಾಚಿತ್ರ ಪ್ರದರ್ಶನದ ನಿಸರ್ಗ ವಿಭಾಗಕ್ಕೂ ಇದನ್ನು ಕಳುಹಿಸಬಹುದೇ ಎಂಬುದು ಇನ್ನೊಂದು ಪ್ರಶ್ನೆ.

ಉತ್ತರ: ಬೆಳಕಿಂಡಿ, ಮೈಸೂರು

ನಮಸ್ಕಾರ ಮೇಷ್ಟ್ರೇ. ಹಕ್ಕಿ ರಟ್ಟಿನಂತೆ ಕಾಣಲು ಕಾರಣ, ನೀವು ಅದನ್ನು ಅಂಚಿನುದ್ದಕ್ಕೂ ಬಹಳ ಶ್ರದ್ಧೆಯಿಂದ ಕತ್ತರಿಸಿರುವುದೇ ಆಗಿದೆ. ರೆಕ್ಕೆಯ ತುದಿ ವೇಗವಾಗಿ ಬಡಿಯುವಾಗ ಶಟರ್ 1/2500 ಸೆಕೆಂಡು ಮಾತ್ರ ತೆರೆದಿದ್ದರೂ ಸ್ವಲ್ಪ ಮಸುಕಾಗುತ್ತದೆ, ಆ ಮಸುಕಿನ ಮೂಲಕ ಹಿಂದಿನ ಆಕಾಶ ಅರೆಬರೆ ಕಾಣುತ್ತಿರುತ್ತದೆ. ಅಂಥ ತುದಿಗೆ ಗೆರೆ ಎಳೆದು ಕತ್ತರಿಸಿದರೆ ಒಂದೋ ಗರಿ ಹೋಗುತ್ತದೆ, ಇಲ್ಲವೇ ಹಳೆಯ ಆಕಾಶದ ಒಂದು ಎಳೆ ಗರಿಯ ಜೊತೆಗೇ ಬಂದು ಹೊಸ ಹಿನ್ನೆಲೆಯ ಮೇಲೆ ಗೆರೆಯಾಗಿ ನಿಲ್ಲುತ್ತದೆ. ನಿಮ್ಮ ಕೆಳಗಿನ ಹಕ್ಕಿಯ ಸುತ್ತ ಇರುವ ಬಿಳಿ ಗೆರೆ ಅದೇ. ಆ ಚಿತ್ರದಲ್ಲಿ ಹಕ್ಕಿಯ ಹಿಂದೆ ಹೊಳೆಯುವ ನೀರಿತ್ತು; ನೀವು ಅದನ್ನು ತಂದು ಹಸಿರು ದಡದ ಮುಂದೆ ಇಟ್ಟಿದ್ದೀರಿ.

ಈ ಬಗೆಯ ಜೋಡಣೆಯಲ್ಲಿ ಹಕ್ಕಿಯನ್ನು ಕತ್ತರಿಸುವ ಅಗತ್ಯವೇ ಬರಬಾರದು. ಪ್ರತಿ ಚಿತ್ರವೂ ತನ್ನ ನಿಜವಾದ ಸ್ಥಾನದಲ್ಲಿ ಕುಳಿತಿದ್ದರೆ, ಹಕ್ಕಿಯ ಸುತ್ತಲಿನ ಆಕಾಶವೂ ಅದೇ ಆಕಾಶ, ಹಿಂದಿನ ದಡವೂ ಅದೇ ದಡ. ಆದ್ದರಿಂದ ಪ್ರತಿ ಲೇಯರ್‌ಗೆ, ಅಂದರೆ ಒಂದರ ಮೇಲೊಂದು ಇರಿಸಿದ ಪ್ರತಿ ಚಿತ್ರಕ್ಕೆ, ಅದನ್ನು ಮರೆಮಾಡುವ ಕಪ್ಪು ಮಾಸ್ಕ್ ಹಾಕಿ (ಅದರ ಮೇಲೆ ಬಿಳಿ ಬಳಿದ ಕಡೆ ಮಾತ್ರ ಚಿತ್ರ ಕಾಣುತ್ತದೆ), ಮೃದುವಾದ ದೊಡ್ಡ ಬ್ರಷ್‌ನಿಂದ ಹಕ್ಕಿಯ ಸುತ್ತ ಒಂದು ಗೇಣು ಜಾಗವನ್ನೂ ಸೇರಿಸಿ ಬಿಳಿ ಬಳಿದರೆ ಸಾಕು, ಆಕಾಶ ಆಕಾಶದೊಂದಿಗೆ ತಾನೇ ಬೆರೆಯುತ್ತದೆ. ಗರಿಯ ಅಂಚನ್ನು ಮುಟ್ಟುವ ಪ್ರಮೇಯವೇ ಇರುವುದಿಲ್ಲ. ಜಿಂಪ್, ಫೋಟೋಶಾಪ್ ಎಂಬ ಎರಡೂ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಇದು ಒಂದೇ ರೀತಿ ನಡೆಯುತ್ತದೆ.

ಇದಕ್ಕೆ ಎರಡು ಪೂರ್ವಸಿದ್ಧತೆಗಳು ಬೇಕು. ಮೊದಲನೆಯದು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ. ನೀವು ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಯಲ್ಲಿ, ಅಂದರೆ ಶಟರಿನ ವೇಗವನ್ನು ಕ್ಯಾಮೆರಾವೇ ನಿರ್ಧರಿಸುವ ಕ್ರಮದಲ್ಲಿ, ಇಟ್ಟಿದ್ದಿರಬೇಕು. ಹಕ್ಕಿ ಆಕಾಶದಿಂದ ದಡದ ಕಡೆಗೆ ಇಳಿದಂತೆ ಕ್ಯಾಮೆರಾ ತನ್ನ ಲೆಕ್ಕವನ್ನು ಬದಲಿಸಿಕೊಂಡಿದೆ, ಮೇಲೊಂದು ಬಣ್ಣ ಕೆಳಗೊಂದು ಬಣ್ಣ ಬರಲು ಅದೇ ಕಾರಣ. ಈಗ ಉಳಿದಿರುವ ದಾರಿಯೆಂದರೆ ಎಲ್ಲ ರಾ ಫೈಲ್‌ಗಳಿಗೂ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಕಡತಗಳಿಗೆ) ಒಂದೇ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಕೊಟ್ಟು, ಎಲ್ಲದರಲ್ಲಿಯೂ ಕಾಣುವ ಯಾವುದಾದರೂ ಒಂದು ವಸ್ತುವಿನ ಹೊಳಪು ಸಮನಾಗುವವರೆಗೆ ಒಂದೊಂದನ್ನೇ ಹೊಂದಿಸುವುದು. ಮುಂದಿನ ಸಲ ಮ್ಯಾನ್ಯುಯಲ್‌ನಲ್ಲಿಯೇ, ಎಲ್ಲವನ್ನೂ ನೀವೇ ಹೊಂದಿಸಿ ತೆಗೆಯಿರಿ.

ಎರಡನೆಯದು ಸ್ಥಾನ. ಕೈಯಲ್ಲಿ ಹಿಡಿದು ಹಿಂಬಾಲಿಸಿದ ಚಿತ್ರಗಳಲ್ಲಿ ಹಿನ್ನೆಲೆ ಪ್ರತಿ ಸಲವೂ ಜರುಗಿರುತ್ತದೆ. ತಂತ್ರಾಂಶದ ತಾನೇ ಹೊಂದಿಸುವ ಸೌಲಭ್ಯವನ್ನು ಇಲ್ಲಿ ನಂಬಬೇಡಿ. ಬರಿಯ ಆಕಾಶದಲ್ಲಿ ಅದಕ್ಕೆ ಹಿಡಿಯಲು ಗುರುತಿಲ್ಲ, ನೀರಿನ ಅಲೆಯೋ ಪ್ರತಿ ಚಿತ್ರದಲ್ಲಿಯೂ ಬೇರೆ. ನಿಮ್ಮ ಚಿತ್ರದ ಎಡಗಡೆ, ಆಚೆ ದಡದಲ್ಲಿ ಒಂದು ಒಣಮರ ಕಾಣುತ್ತಿದೆ. ಅದು ಯಾವ ಯಾವ ಫ್ರೇಮಿನಲ್ಲಿ ಇದೆಯೋ ಅವನ್ನೆಲ್ಲ ಒಂದರ ಮೇಲೊಂದು ಇರಿಸಿ, ಮೇಲಿನ ಲೇಯರನ್ನು ಡಿಫರೆನ್ಸ್ ಮೋಡ್‌ಗೆ, ಅಂದರೆ ಎರಡು ಚಿತ್ರಗಳ ವ್ಯತ್ಯಾಸವನ್ನಷ್ಟೇ ತೋರಿಸುವ ಕ್ರಮಕ್ಕೆ, ಬದಲಿಸಿ ನಿಧಾನವಾಗಿ ಸರಿಸಿ. ಎರಡೂ ಒಣಮರಗಳು ಕೂಡಿದ ಕ್ಷಣದಲ್ಲಿ ಆ ಭಾಗ ಪೂರ್ತಿ ಕಪ್ಪಾಗುತ್ತದೆ. ಕಪ್ಪಾದರೆ ಕೂತಿದೆ ಎಂದರ್ಥ.

ಕೆಲವರು ನಿಮಗೆ ಡಾರ್ಕನ್ ಅಥವಾ ಲೈಟನ್ ಮೋಡ್ (ಎರಡು ಚಿತ್ರಗಳಲ್ಲಿ ಹೆಚ್ಚು ಕಪ್ಪಾದದ್ದನ್ನೋ ಹೆಚ್ಚು ಬೆಳ್ಳಗಿರುವುದನ್ನೋ ಮಾತ್ರ ಉಳಿಸುವ ಕ್ರಮ) ಬಳಸಲು ಹೇಳಬಹುದು. ಹದ್ದು ಬೆಳ್ಳಗಿನ ಆಕಾಶದಲ್ಲಿ ಸುತ್ತುವ ಚಿತ್ರಕ್ಕೆ ಡಾರ್ಕನ್, ಕಡುಹಸಿರು ಮರಗಳ ಮುಂದೆ ಬೆಳ್ಳಕ್ಕಿ ಹಾರುವ ಚಿತ್ರಕ್ಕೆ ಲೈಟನ್ ನಿಜಕ್ಕೂ ಒಂದು ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಆದರೆ ನಿಮ್ಮದು ಕಪ್ಪು ಬಿಳುಪು ಎರಡೂ ಇರುವ ಹಕ್ಕಿ. ಡಾರ್ಕನ್ ಹಾಕಿದರೆ ಬಿಳಿಯ ಹೊಟ್ಟೆ ಆಕಾಶದಲ್ಲಿ ಕರಗುತ್ತದೆ, ಲೈಟನ್ ಹಾಕಿದರೆ ಕಪ್ಪು ರೆಕ್ಕೆ ಮಾಯವಾಗುತ್ತದೆ. ಈ ಹಕ್ಕಿಗೆ ಮಾಸ್ಕ್ ಬಿಟ್ಟು ಬೇರೆ ಗತಿಯಿಲ್ಲ.

ಕೊನೆಯದಾಗಿ ಒಂದು ಮಾತು, ದಯವಿಟ್ಟು ಬೇಸರಿಸಿಕೊಳ್ಳಬೇಡಿ. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಲಿನ ಎರಡು ಹಕ್ಕಿಗಳ ಎದೆಯ ಮೇಲೆ ಎರಡು ಕಪ್ಪು ಪಟ್ಟಿಗಳಿವೆ: ಒಂದು ಅಗಲ, ಅದರ ಕೆಳಗೊಂದು ಸಣ್ಣದು. ಕೆಳಗಿನ ಎರಡರಲ್ಲಿಯೂ ಹಾಗೆಯೇ ಇದೆ. ಆದರೆ ನಡುವಿನ ಎರಡು ಹಕ್ಕಿಗಳ ಎದೆಯಲ್ಲಿ ಒಂದೇ ಪಟ್ಟಿ, ಅದೂ ನಡುವೆ ಕಡಿದುಹೋಗಿದೆ. ಈ ಮಿಂಚುಳ್ಳಿಗಳಲ್ಲಿ ಎರಡು ಪಟ್ಟಿ ಇರುವುದು ಗಂಡು, ಒಂದೇ ಪಟ್ಟಿ ಇರುವುದು ಹೆಣ್ಣು. ಅಂದರೆ ನಿಮ್ಮ ಚಿತ್ರದಲ್ಲಿ ಗಂಡು ಧುಮುಕಲು ಆರಂಭಿಸಿದೆ, ನಡುದಾರಿಯಲ್ಲಿ ಹೆಣ್ಣಾಗಿದೆ, ನೀರು ಮುಟ್ಟುವ ಹೊತ್ತಿಗೆ ಮತ್ತೆ ಗಂಡಾಗಿದೆ. ಇವು ಒಂದೇ ಧುಮುಕಿನ ಚಿತ್ರಗಳಲ್ಲವೆಂದು ತೋರುತ್ತದೆ.

ತುಂಗಾತೀರ, ಶಿವಮೊಗ್ಗ

ಮೇಡಂ, ನಿಮ್ಮ ಕಣ್ಣಿಗೆ ವಂದನೆ. ನಡುವಿನ ಎರಡು ಫ್ರೇಮುಗಳಲ್ಲಿ ಫೋಕಸ್ ತಪ್ಪಿತ್ತು. ಏಳು ನಿಮಿಷಗಳ ನಂತರ ಅದೇ ಹಕ್ಕಿ ಮತ್ತೆ ಧುಮುಕಿತೆಂದು ತಿಳಿದು ಆ ಸರಣಿಯಿಂದ ಎರಡನ್ನು ತೆಗೆದುಕೊಂಡಿದ್ದೆ. ಅಲ್ಲಿ ಜೋಡಿಯಿತ್ತೆಂಬುದು ಈಗ ತಿಳಿಯಿತು. ಪಟ್ಟಿಯ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಮೂರು ಭಾನುವಾರ ಅವುಗಳ ಮುಂದೆಯೇ ಕುಳಿತಿದ್ದೂ ನಾನು ನೋಡಿದ್ದು ಒಂದು ಹಕ್ಕಿಯನ್ನು ಮಾತ್ರ ಎಂಬುದು ಮನಸ್ಸಿಗೆ ನೋವು ತಂದಿದೆ.

ಉತ್ತರ: ಗರಿಗಣಿತ, ಧಾರವಾಡ

ಮೇಷ್ಟ್ರಿಗೆ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಈ ಚಿತ್ರ ವಿಜ್ಞಾನ ಕೊಠಡಿಯ ಎದುರು ತೂಗುತ್ತದೆ ಎಂದಿದ್ದಕ್ಕಾಗಿ ಬರೆಯುತ್ತಿದ್ದೇನೆ.

ನಿಮ್ಮ ಆರೂ ಹಕ್ಕಿಗಳ ನಡುವಿನ ಅಂತರ ಒಂದೇ ಸಮನಾಗಿದೆ. ನೋಟಕ್ಕೆ ಚಂದವಿರಲೆಂದು ಹಾಗೆ ಇರಿಸಿದ್ದೀರಿ ಎಂದುಕೊಳ್ಳುತ್ತೇನೆ, ಆದರೆ ಬೀಳುವ ಯಾವ ವಸ್ತುವೂ ಹಾಗೆ ಬೀಳುವುದಿಲ್ಲ. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಟ್ಟು ಲೆಕ್ಕ ಹಾಕಿದರೆ, ನಿಂತಲ್ಲಿಂದ ಬಿದ್ದ ವಸ್ತು 0.2 ಸೆಕೆಂಡಿನಲ್ಲಿ ಸುಮಾರು 20 ಸೆಂ.ಮೀ., 0.4 ಸೆಕೆಂಡಿನಲ್ಲಿ 78 ಸೆಂ.ಮೀ., 0.6 ಸೆಕೆಂಡಿನಲ್ಲಿ 1.8 ಮೀಟರ್, ಒಂದು ಸೆಕೆಂಡಿನಲ್ಲಿ 4.9 ಮೀಟರ್, 1.2 ಸೆಕೆಂಡಿನಲ್ಲಿ ಸುಮಾರು 7 ಮೀಟರ್ ಇಳಿದಿರುತ್ತದೆ. ನಿಮ್ಮ ಕ್ಯಾಮೆರಾದ ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್ ತೆಗೆದುಕೊಂಡರೆ ಅಂತರಗಳು ಒಂದು, ಮೂರು, ಐದು, ಏಳು, ಒಂಬತ್ತು ಎಂಬ ಪ್ರಮಾಣದಲ್ಲಿ ಹಿಗ್ಗುತ್ತಾ ಹೋಗಬೇಕು. ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಚೆಂಡುಗಳನ್ನು ಉರುಳಿಸಿ ಕಂಡುಕೊಂಡದ್ದು ಈ ಬೆಸ ಸಂಖ್ಯೆಗಳ ಸಾಲನ್ನೇ. ಗಾಜನೂರಿನ ಒಂದು ಹಕ್ಕಿ ಅದನ್ನು ಪ್ರತಿದಿನ ಬೆಳಿಗ್ಗೆ ಗಾಳಿಯಲ್ಲಿ ಬರೆಯುತ್ತಿರುವಾಗ, ನಾವು ಅದನ್ನು ಅಳಿಸಿ ಸಮಾನ ಅಂತರದ ಅಲಂಕಾರ ಮಾಡುವುದು ನನಗೆ ಬಹಳ ದೊಡ್ಡ ನಷ್ಟವೆನಿಸುತ್ತದೆ. ಮಕ್ಕಳು ಅಳತೆಪಟ್ಟಿ ಹಿಡಿದು ಆ ಚಿತ್ರದ ಮುಂದೆ ನಿಲ್ಲುವಂತಾಗಬೇಕು.

ಇಲ್ಲೊಂದು ತೊಡಕಿದೆ. ಈ ಹಕ್ಕಿ ಕೊಕ್ಕಿನಿಂದ ಬಾಲದವರೆಗೆ ಹೆಚ್ಚೆಂದರೆ 30 ಸೆಂ.ಮೀ. ಉದ್ದ. ಮೊದಲ 0.2 ಸೆಕೆಂಡಿನಲ್ಲಿ ಅದು ತನ್ನ ಉದ್ದದಷ್ಟೂ ಇಳಿದಿರುವುದಿಲ್ಲ, ಆದ್ದರಿಂದ ಮೇಲಿನ ಎರಡು ಹಕ್ಕಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅಲ್ಲಿ ಒಂದನ್ನು ಬಿಡಿ. ಗಾಳಿಯಲ್ಲಿ ನಿಂತ ಹಕ್ಕಿ ಒಂದು, ನಂತರ 0.4 ಸೆಕೆಂಡಿನದು, ಹೀಗೆ ಕೆಳಕ್ಕೆ. ಜೊತೆಗೆ ಈ ಮಿಂಚುಳ್ಳಿಗೆ ಇನ್ನೊಂದು ಅಭ್ಯಾಸವಿದೆ: ಎಷ್ಟೋ ಸಲ ಅರ್ಧ ಇಳಿದು, ಮೀನು ಜರುಗಿದ್ದನ್ನು ಕಂಡು, ಅಲ್ಲಿಯೇ ಮತ್ತೆ ರೆಕ್ಕೆ ಬಡಿದು ನಿಂತು, ಎರಡನೆಯ ಸಲ ಧುಮುಕುತ್ತದೆ. ಹಾಗಾಗಿದ್ದರೆ ಅಂತರಗಳು ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅನೇಕ ಕ್ಯಾಮೆರಾಗಳು ಚಿತ್ರದ ಮಾಹಿತಿಯಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಸಮಯವನ್ನು ದಾಖಲಿಸುತ್ತವೆ. ಅದನ್ನು ತೆಗೆದು ನೋಡಿ, ಪ್ರತಿ ಹಕ್ಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿ.

ಪ್ರತಿಬಿಂಬದ ಬಗ್ಗೆಯೂ ಹೇಳಬೇಕು. ಹಕ್ಕಿಯನ್ನು ತಲೆಕೆಳಗು ಮಾಡಿ ಇಟ್ಟರೆ ಅದು ಪ್ರತಿಬಿಂಬವಾಗುವುದಿಲ್ಲ. ನೀರು ಹಕ್ಕಿಯನ್ನು ನೋಡುವುದು ಕೆಳಗಿನಿಂದ. ಕ್ಯಾಮೆರಾ ನೀರಿನ ಮೇಲ್ಮೈಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಿಂದ ಇನ್ನೊಂದು ಕ್ಯಾಮೆರಾ ಮೇಲಕ್ಕೆ ನೋಡಿದರೆ ಹೇಗೆ ಕಾಣುವುದೋ ಹಾಗೆ ಪ್ರತಿಬಿಂಬ ಕಾಣುತ್ತದೆ. ನಿಮಗೆ ಹಕ್ಕಿಯ ಬೆನ್ನು ಕಂಡಾಗಲೂ ನೀರಿನಲ್ಲಿ ಅದರ ಹೊಟ್ಟೆ ಕಾಣಬಹುದು. ದಡದಲ್ಲಿ ನೆಲಕ್ಕೆ ಅಂಟಿ ಮಲಗಿ ತೆಗೆದ ಚಿತ್ರದಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಏರಿಯ ಮೇಲೆ ನಿಂತು ತೆಗೆದದ್ದರಲ್ಲಿ ಎದ್ದು ಕಾಣುತ್ತದೆ.  ಮೂಲದಲ್ಲಿ ಇದ್ದ ಚದುರಿದ, ಅಲುಗಾಡುವ ಬಿಳಿಯ ಚೂರುಗಳನ್ನೇ ಉಳಿಸಿಕೊಳ್ಳಿ.

ಉತ್ತರ: ಹಳೆಯ ಕತ್ತಲಕೋಣೆ, ಬೆಂಗಳೂರು

ಮಿತ್ರರೇ, ತಾಂತ್ರಿಕ ವಿಷಯಗಳನ್ನು ಇಬ್ಬರೂ ಸೊಗಸಾಗಿ ಹೇಳಿದ್ದಾರೆ. ಪ್ರದರ್ಶನದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನಿಸರ್ಗ ವಿಭಾಗಕ್ಕೆ ಕಳುಹಿಸಬೇಡಿ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ (ಪಿ.ಎಸ್.ಎ.) ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡು 2015ರಿಂದ ಜಾರಿಗೆ ತಂದಿವೆ. ಅದರ ಪ್ರಕಾರ ಚಿತ್ರದಲ್ಲಿ ಏನನ್ನೂ ಸೇರಿಸುವಂತಿಲ್ಲ, ಸ್ಥಳಾಂತರಿಸುವಂತಿಲ್ಲ, ಬದಲಿಸುವಂತಿಲ್ಲ. ಅಂಚನ್ನು ಕತ್ತರಿಸುವ ಮೂಲಕವಲ್ಲದೆ ಏನನ್ನೂ ತೆಗೆಯುವಂತಿಲ್ಲ. ಒಂದೇ ದೃಶ್ಯದ ಫೋಕಸನ್ನು ಹಂತಹಂತವಾಗಿ ಬದಲಿಸಿ ತೆಗೆದ ಚಿತ್ರಗಳನ್ನು ಒಂದಾಗಿಸಲು ಅವಕಾಶವಿದೆ. ಒಂದು ಹಕ್ಕಿ ಆರಾಗಿ ಕಾಣುವ ನಿಮ್ಮ ಚಿತ್ರ, ಪ್ರತಿಯೊಂದು ಹಕ್ಕಿಯೂ ತನ್ನ ನಿಜ ಸ್ಥಾನದಲ್ಲಿಯೇ ಇದ್ದರೂ, ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಿಮ್ಮ ಜಿಲ್ಲೆಯ ಪ್ರದರ್ಶನದವರು ಯಾವ ನಿಯಮ ಇಟ್ಟುಕೊಂಡಿದ್ದಾರೆಂದು ಅವರನ್ನೇ ಕೇಳಿ. ಮುಕ್ತ ವಿಭಾಗವೆಂದು ಇದ್ದರೆ ಅದಕ್ಕೆ, ಜೋಡಿಸಿದ ಚಿತ್ರವೆಂದು ಬರೆದೇ ಕಳುಹಿಸಿ.

ಹಾಗೆಂದು ಇದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಹಕ್ಕಿಯ ಹಾರಾಟವನ್ನು ಮನುಷ್ಯ ಮೊದಲ ಸಲ ಸ್ಪಷ್ಟವಾಗಿ ಕಂಡದ್ದೇ ಇಂಥ ಚಿತ್ರಗಳಿಂದ. ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ ಮಾರೆ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ಮಾಡಿಕೊಂಡು, ಹಾರುವ ಹಕ್ಕಿಗೆ ಗುರಿಯಿಟ್ಟು, ಸೆಕೆಂಡಿಗೆ 12 ಚಿತ್ರಗಳನ್ನು ತೆಗೆದರು. ಆಮೇಲೆ ಕಪ್ಪು ಹಿನ್ನೆಲೆಯ ಮುಂದೆ ಹಕ್ಕಿಯನ್ನು ಹಾರಿಸಿ, ಒಂದೇ ಗಾಜಿನ ಪ್ಲೇಟಿನ ಮೇಲೆ ಹಾರಾಟದ ಎಲ್ಲ ಹಂತಗಳೂ ಮೂಡುವಂತೆ ಮಾಡಿದರು. ಹೆಜ್ಜಾರ್ಲೆಯೊಂದು ನೆಲಕ್ಕಿಳಿಯುವ ಅವರ ಚಿತ್ರ ಇಂದಿಗೂ ಪ್ರಸಿದ್ಧ. ಕೊಕ್ಕರೆಬೆಳ್ಳೂರಿನ ಹುಣಸೆಮರಕ್ಕೆ ಹೆಜ್ಜಾರ್ಲೆ ಇಳಿಯುವುದನ್ನು ನೋಡಿದವರಿಗೆ ಆ ರೆಕ್ಕೆಯ ಮಡಿಕೆ ತಕ್ಷಣ ಗುರುತಾಗುತ್ತದೆ. ಧಾರವಾಡದ ಮಿತ್ರರು ಹೇಳಿದ ತೊಡಕು ಮಾರೆಯವರಿಗೂ ಎದುರಾಗಿತ್ತು: ಹಕ್ಕಿ ನಿಧಾನವಾದ ಕಡೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸುತ್ತಿದ್ದವು. ನಮ್ಮ ಕಾಲದಲ್ಲಿ ಬಾರ್ಸಿಲೋನಾದ ಚಾವಿ ಬೋ ಎಂಬ ಛಾಯಾಗ್ರಾಹಕರು ಆ ಕಲಸುವಿಕೆಯನ್ನೇ ಬೇಕೆಂದು ತಂದುಕೊಂಡು, ಹಕ್ಕಿಗಳು ಆಕಾಶದಲ್ಲಿ ಸಾಗಿದ ದಾರಿಯನ್ನು ಹಗ್ಗ ಹೆಣೆದಂತೆ ತೋರಿಸುತ್ತಿದ್ದಾರೆ.

ಇನ್ನೊಂದು ಕಡೆಯ ಉದಾಹರಣೆಯೂ ಇದೆ. ಅಮೆರಿಕದ ಆರ್ಟ್ ವುಲ್ಫ್ ಅವರು 1994ರಲ್ಲಿ ಹೊರತಂದ ಪುಸ್ತಕವೊಂದರಲ್ಲಿ ಹಿಂಡಿನ ನಡುವಿನ ಖಾಲಿ ಜಾಗಗಳನ್ನು ಅದೇ ಪ್ರಾಣಿಗಳ ನಕಲಿನಿಂದ ಗಣಕಯಂತ್ರದಲ್ಲಿ ತುಂಬಿದ್ದ ಚಿತ್ರಗಳಿದ್ದವು. ಚಿತ್ರಗಳು ಬಹಳ ಸುಂದರವಾಗಿದ್ದವು, ಆದರೆ ನಿಸರ್ಗ ಛಾಯಾಗ್ರಾಹಕರ ನಡುವೆ ಅದು ದೊಡ್ಡ ಚರ್ಚೆಗೆ ಕಾರಣವಾಯಿತು. ಮಾರೆಯವರ ಪ್ಲೇಟಿನಲ್ಲಿ ಹತ್ತು ಹಕ್ಕಿಗಳು ಕಂಡರೂ ಪ್ರತಿಯೊಂದೂ ಆ ಕ್ಷಣ ಅಲ್ಲಿಯೇ ಇತ್ತು. ಇಲ್ಲಿ ತುಂಬಿದ ಪ್ರಾಣಿ ಆ ಜಾಗದಲ್ಲಿ ಎಂದೂ ಇರಲಿಲ್ಲ. ನನಗೆ ಕಾಣುವ ಗೆರೆ ಅದು.

ನಾನೂ ಆ ಗೆರೆಯನ್ನು ದಾಟಿದವನೇ. 1980ರ ದಶಕದಲ್ಲಿ ರಂಗನತಿಟ್ಟಿನಲ್ಲಿ ತೆಗೆದ ಹಾರುವ ಬಣ್ಣದ ಕೊಕ್ಕರೆಯ ಒಂದು ಸ್ಲೈಡನ್ನೂ ಚಂದ್ರನ ಇನ್ನೊಂದು ಸ್ಲೈಡನ್ನೂ ಒಂದೇ ಚೌಕಟ್ಟಿನಲ್ಲಿ ಸೇರಿಸಿ, ಚಂದ್ರನ ಮುಂದೆ ಕೊಕ್ಕರೆ ಹಾರುವಂತೆ ಮಾಡಿದ್ದೆ. ಎಲ್ಲರೂ ಕೊಂಡಾಡಿದರು. ಲೆನ್ಸಿನ ನಾಭಿದೂರವನ್ನು (ಅದರ ಮೇಲೆ ಬರೆದಿರುವ ಮಿ.ಮೀ. ಅಂಕಿಯನ್ನು) 110ರಿಂದ ಭಾಗಿಸಿದರೆ ಚಂದ್ರ ಫಿಲ್ಮಿನ ಮೇಲೆ ಎಷ್ಟು ಮಿ.ಮೀ. ಆಗುತ್ತಾನೆಂದು ತಿಳಿಯುತ್ತದೆ, 600 ಮಿ.ಮೀ. ಲೆನ್ಸಿಗೂ ಅವನು ಐದೂವರೆ ಮಿ.ಮೀ. ಮಾತ್ರ. ಒಂದೂವರೆ ಮೀಟರ್ ರೆಕ್ಕೆಯಗಲದ ಕೊಕ್ಕರೆ ಚಂದ್ರನ ಅರ್ಧದಷ್ಟು ಕಾಣಬೇಕಾದರೆ ಸುಮಾರು 330 ಮೀಟರ್ ದೂರದಲ್ಲಿರಬೇಕು. ನನ್ನ ಚಿತ್ರದಲ್ಲಿ ಕೊಕ್ಕರೆಯ ಕಣ್ಣಿನ ಹೊಳಪು ಕೂಡ ಕಾಣುತ್ತಿತ್ತು. ಅಷ್ಟು ದೂರದಿಂದ ಅದು ಸಾಧ್ಯವಿಲ್ಲವೆಂದು ಒಬ್ಬ ಕಾಲೇಜು ಹುಡುಗ ಪ್ರದರ್ಶನದಲ್ಲಿಯೇ ನನ್ನನ್ನು ಕೇಳಿದ. ಜೋಡಿಸಿದ್ದೆಂದು ನಾನು ಚೌಕಟ್ಟಿನ ಕೆಳಗೆ ಬರೆದಿರಲಿಲ್ಲ. ಆ ಚಿತ್ರವನ್ನು ಅಂದೇ ಗೋಡೆಯಿಂದ ಇಳಿಸಿ ಮನೆಗೆ ತಂದೆ, ಇನ್ನೂ ನನ್ನ ಬಳಿಯೇ ಇದೆ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಹಳೆಯ ಚಿತ್ರವನ್ನು ಕೈಬಿಟ್ಟೆ. ಕಳೆದ ಭಾನುವಾರ ಟ್ರೈಪಾಡ್ ಹೂಡಿ, ಲೆನ್ಸನ್ನು 200 ಮಿ.ಮೀ.ಗೆ ಇಳಿಸಿ, ಮೇಲೆ ಆಕಾಶವೂ ಕೆಳಗೆ ನೀರೂ ಎಡಕ್ಕೆ ಆ ಒಣಮರವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಲ್ಲಿಸಿ, ಮ್ಯಾನ್ಯುಯಲ್‌ನಲ್ಲಿ 1/3200 ಸೆಕೆಂಡಿಗೆ ಹೊಂದಿಸಿ, ಫೋಕಸನ್ನೂ ಬಂಧಿಸಿ ಕಾಯ್ದೆ. ಕ್ಯಾಮೆರಾವನ್ನು ಮುಟ್ಟದೆ ರಿಮೋಟ್ ಗುಂಡಿಯಿಂದ ತೆಗೆದದ್ದು. ಒಂಬತ್ತು ಧುಮುಕುಗಳಲ್ಲಿ ಎಂಟು ಚೌಕಟ್ಟಿನ ಹೊರಗೆ ಅಥವಾ ಫೋಕಸಿನ ಆಚೆ ಆದವು, ಒಂದು ಮಾತ್ರ ಪೂರ್ತಿಯಾಗಿ ಒಳಗೆ ಬಿತ್ತು. ಹಕ್ಕಿ ಮೊದಲಿನ ಚಿತ್ರದ ಅರ್ಧದಷ್ಟೇ ಇದೆ. ಆದರೆ ಬೆಳಕಿಂಡಿ ಮೇಡಂ ಹೇಳಿದಂತೆ ದೊಡ್ಡ ಬ್ರಷ್‌ನಿಂದ ಬಳಿದಾಗ ಆಕಾಶ ಒಂದೇ ಆಗಿ ಕೂಡಿಕೊಂಡಿತು, ಎಲ್ಲಿಯೂ ಗೆರೆ ಉಳಿಯಲಿಲ್ಲ.

ಈ ಧುಮುಕು ಹೆಣ್ಣಿನದು. ಐದೂ ಚಿತ್ರಗಳಲ್ಲಿ ಎದೆಯ ಪಟ್ಟಿ ಒಂದೇ, ನಡುವೆ ಕಡಿದದ್ದು. ಸಮಯವನ್ನು ತೆಗೆದು ನೋಡಿದಾಗ ಮೂರನೆಯ ಮತ್ತು ನಾಲ್ಕನೆಯ ಹಕ್ಕಿಗಳ ನಡುವೆ ಅಂತರ ಹಿಗ್ಗುವ ಬದಲು ಕುಗ್ಗಿತ್ತು. ಮೊದಲು ನನ್ನದೇ ತಪ್ಪೆಂದುಕೊಂಡು ಎರಡು ಸಲ ಒಣಮರಕ್ಕೆ ಹೊಂದಿಸಿ ನೋಡಿದೆ. ಆ ಎರಡರ ನಡುವೆ ನಾನು ಬಿಟ್ಟಿದ್ದ ಫ್ರೇಮುಗಳನ್ನು ತೆರೆದಾಗ ವಿಷಯ ಗೊತ್ತಾಯಿತು: ನೀರಿನಿಂದ ಮೂರು ಮೀಟರ್ ಮೇಲೆ ಅದು ರೆಕ್ಕೆ ಬಿಚ್ಚಿ, ಬಾಲ ಅಗಲಿಸಿ, ಮತ್ತೊಮ್ಮೆ ನಿಂತಿದೆ. ಆ ಫ್ರೇಮೊಂದನ್ನೂ ಸೇರಿಸಿದ್ದೇನೆ. ಈಗ ಆರು ಹಕ್ಕಿಗಳಾದವು.

ಚಿತ್ರದ ಕೆಳಗೆ ಹೀಗೆ ಮುದ್ರಿಸಲು ಕೊಟ್ಟಿದ್ದೇನೆ: "ಒಂದೇ ಹೆಣ್ಣು ಮಿಂಚುಳ್ಳಿ, ಒಂದೇ ಧುಮುಕು, ಆರು ಫ್ರೇಮುಗಳ ಜೋಡಣೆ. ಹಕ್ಕಿಯ ಪಕ್ಕದ ಅಂಕಿ ಸೆಕೆಂಡುಗಳನ್ನು ಸೂಚಿಸುತ್ತದೆ. ಗಾಜನೂರು ಹಿನ್ನೀರು." ಹಕ್ಕಿಗಳ ನಡುವಿನ ಅಂತರದ ಅಳತೆಯನ್ನೂ ಕೊಡಲೇ ಎಂದು ನಮ್ಮ ವಿಜ್ಞಾನ ಶಿಕ್ಷಕಿಯವರನ್ನು ಕೇಳಿದೆ. ಬೇಡ, ಅದನ್ನು ಮಕ್ಕಳೇ ಅಳೆಯಲಿ ಎಂದರು.